ಗರಗಸದ ಹಲ್ಲು ಮತ್ತು ಮರದ ಎಳೆ

ಹೊಲದ ಬದುವಿನ ಮೇಲೆ ಬೆಳೆದು ನಿಂತ ಮರವು ರೈತನ ಇಡುಗಂಟು. ಮಳೆ ತಪ್ಪಿದ ವರ್ಷದಲ್ಲಿ ಅದು ಹಣವಾಗುತ್ತದೆ. ನೊಗ ಮುರಿದಾಗ ನೊಗವಾಗುತ್ತದೆ. ಮನೆ ಕಟ್ಟುವಾಗ ತೊಲೆಯೂ ಬಾಗಿಲ ಚೌಕಟ್ಟೂ ಆಗುತ್ತದೆ. ಕಲಬುರಗಿ ಜಿಲ್ಲೆಯ ಕರಿಯ ಭೂಮಿಯಲ್ಲಿ, ತೊಗರಿ ಜೋಳಗಳ ಹೊಲಗಳ ಅಂಚಿನಲ್ಲಿ, ಜಾಲಿ, ಬೇವು, ಹುಣಸೆ ಮರಗಳು ಇಂತಹ ಇಡುಗಂಟುಗಳಾಗಿ ನಿಂತಿವೆ. ಕೆಂಬಾಳೆಗೆ ಹೆಸರಾದ ಕಮಲಾಪುರದ ಸುತ್ತಣ ಗ್ರಾಮಗಳಲ್ಲಿಯೂ ಬೇಸಾಯದ ಮರಮುಟ್ಟಿಗೆ ಜಾಲಿಯ ಚೇಗನ್ನು ಹಿರಿಯರು ಬಹುಕಾಲದಿಂದ ಆರಿಸಿಕೊಂಡು ಬಂದಿದ್ದಾರೆ. ಅದು ತೂಕವಾದುದು, ಗಡುಸಾದುದು, ಗೆದ್ದಲಿಗೆ ಸುಲಭವಾಗಿ ತುತ್ತಾಗದುದು.

ಇಂತಹ ಮರವು ಬಲಿಯುವುದಕ್ಕೆ ಒಂದು ತಲೆಮಾರು ಬೇಕು. ಕೆಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ಕೆಡಹುವಾಗ ಬುಡದಿಂದ ಸೀಳಿದ ಮರ, ಕೊಯ್ಯುವಾಗ ವಕ್ರವಾಗಿ ಹೋದ ಹಲಗೆ, ಬಿಸಿಲಿಗೆ ಬಿರಿದ ದಿಮ್ಮಿ, ಇವೆಲ್ಲವೂ ತೊಲೆಯ ಬೆಲೆಯ ಮರವನ್ನು ಸೌದೆಯ ಬೆಲೆಗೆ ಇಳಿಸುತ್ತವೆ. ಕೊಯ್ಯುವವನ ಕೈಕಾಲಿಗೆ ಒದಗುವ ಅಪಾಯವಂತೂ ಬೆಲೆ ಕಟ್ಟಲಾಗದುದು. ಈ ನಷ್ಟಗಳಲ್ಲಿ ಹೆಚ್ಚಿನವು ತೋಳಿನ ಬಲ ಸಾಲದೆ ಒದಗಿದವುಗಳಲ್ಲ. ಮರದ ಎಳೆಯು ಯಾವ ದಿಕ್ಕಿಗಿದೆ, ದಿಮ್ಮಿಯ ಬಿಗಿತವು ಎಲ್ಲಿದೆ ಎಂಬುದನ್ನು ನೋಡದೆ ಆಯುಧವನ್ನು ಹಚ್ಚಿದ್ದರಿಂದ ಒದಗಿದವು. ಆದಕಾರಣ ಮರ ಕೊಯ್ಯುವ ಕ್ರಿಯೆಯ ಮೂಲತತ್ತ್ವಗಳನ್ನು ರೈತಬಾಂಧವರು ತಿಳಿದಿರುವುದು ಅವಶ್ಯಕ.

ಮರದ ಎಳೆಯ ಸ್ವಭಾವ

ಮರವೆಂಬುದು ಕಲ್ಲಿನಂತೆ ಎಲ್ಲ ಕಡೆಗೂ ಒಂದೇ ಸಮನಾದ ವಸ್ತುವಲ್ಲ. ಅದು ಕಾಂಡದ ಉದ್ದಕ್ಕೂ ಒತ್ತಾಗಿ ಜೋಡಿಸಿದ ಅಸಂಖ್ಯಾತ ಸೂಕ್ಷ್ಮ ಕೊಳವೆಗಳ ಕಟ್ಟು. ಜೋಳದ ದಂಟುಗಳನ್ನು ಸಿವುಡು ಕಟ್ಟಿದಂತೆ ಇದನ್ನು ಭಾವಿಸಬಹುದು. ದಂಟನ್ನು ಉದ್ದಕ್ಕೆ ಜಗ್ಗಿ ಹರಿಯುವುದು ಕಷ್ಟ. ಒಂದು ದಂಟಿನಿಂದ ಮತ್ತೊಂದನ್ನು ಬೇರ್ಪಡಿಸುವುದು ಸುಲಭ. ಮರದಲ್ಲಿಯೂ ಹಾಗೆಯೇ. ಎಳೆಯ ಉದ್ದಕ್ಕೆ ಜಗ್ಗಿದಾಗ ಅದು ತಡೆಯುವ ಭಾರವು, ಅಡ್ಡಲಾಗಿ ಜಗ್ಗಿದಾಗ ತಡೆಯುವ ಭಾರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು.

ಮರದ ತೇವವೂ ಗಮನಕ್ಕೆ ಬರತಕ್ಕದ್ದು. ಹಸಿಮರದಲ್ಲಿ ನೀರು ಕೊಳವೆಗಳ ಪೊಳ್ಳಿನಲ್ಲಿಯೂ ಅವುಗಳ ಗೋಡೆಗಳಲ್ಲಿಯೂ ತುಂಬಿರುತ್ತದೆ. ಪೊಳ್ಳಿನ ನೀರು ಹೋದಾಗ ಮರವು ಹಗುರವಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಒಣಮರದ ತೂಕಕ್ಕೆ ಹೋಲಿಸಿದರೆ ತೇವವು ಶೇಕಡ ೨೫ ರಿಂದ ೩೦ಕ್ಕೆ ಇಳಿದ ಮೇಲೆ ಗೋಡೆಗಳ ನೀರು ಹೊರಡಲಾರಂಭಿಸುತ್ತದೆ. ಅಲ್ಲಿಂದ ಮುಂದೆ ಮರವು ಕುಗ್ಗುತ್ತದೆ, ಗಡುಸಾಗುತ್ತದೆ. ಜಾಲಿಯಂತಹ ಗಟ್ಟಿ ಮರವನ್ನು ಹಸಿಯಿರುವಾಗಲೇ ದಿಮ್ಮಿಯಿಂದ ಒರಟಾಗಿ ಕೊಯ್ದಿಟ್ಟು, ಒಣಗಿದ ಮೇಲೆ ಅಳತೆಗೆ ಸರಿಯಾಗಿ ಕೆತ್ತುವುದರ ಅನುಕೂಲವು ಇದರಿಂದಲೇ ತಿಳಿಯುತ್ತದೆ.

ಕೊಡಲಿಯೂ ಉಳಿಯೂ

ಕೊಡಲಿ, ಬಾಚಿ, ಉಳಿ ಇವೆಲ್ಲವೂ ಬೆಣೆಯ ಜಾತಿಗೆ ಸೇರಿದವು. ಕೊಡಲಿಯನ್ನು ಎಳೆಯ ಉದ್ದಕ್ಕೆ ಹೊಡೆದಾಗ ಅದರ ಬಾಯಿ ಸ್ವಲ್ಪ ದೂರ ಮಾತ್ರ ಕಡಿಯುತ್ತದೆ. ಆಮೇಲೆ ಕೊಡಲಿಯ ಕೆನ್ನೆಗಳು ಎಳೆಗಳನ್ನು ಇಬ್ಬದಿಗೆ ತಳ್ಳಿ, ಬಾಯಿಯ ಮುಂದುಗಡೆಯೇ ಮರವು ಬಿರಿಯುತ್ತ ಹೋಗುತ್ತದೆ. ಅಡ್ಡಲಾಗಿ ಹೊಡೆದರಾದರೋ ಪ್ರತಿಯೊಂದು ಎಳೆಯೂ ಬಾಯಿಯಿಂದಲೇ ತುಂಡಾಗಬೇಕು. ಆದ್ದರಿಂದಲೇ ಕಡಿಯುವವನು ಕೊಡಲಿಯನ್ನು ನೇರವಾಗಿ ಅಡ್ಡ ಹೊಡೆಯದೆ, ಒಮ್ಮೆ ಮೇಲಿನಿಂದ ಓರೆಯಾಗಿ, ಒಮ್ಮೆ ಕೆಳಗಿನಿಂದ ಓರೆಯಾಗಿ ಹೊಡೆದು ಚಕ್ಕೆಯನ್ನು ಎಬ್ಬಿಸುತ್ತಾನೆ.

ಅಲಗಿನ ಮುಂದೆ ಮರವು ಹೇಗೆ ಬಿಡುತ್ತದೆಂಬುದನ್ನು ಅಮೆರಿಕದ ನಾರ್ಮನ್ ಫ್ರಾಂಜ್ ಎಂಬುವರು ೧೯೫೮ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು. ಎಳೆಯ ಉದ್ದಕ್ಕೆ ಸಾಗುವ ಅಲಗು ಹೆಚ್ಚಾಗಿ ಒರಗಿದ್ದರೆ ಸಿಪ್ಪೆಯು ಬಾಯಿಗಿಂತ ಮುಂದೆ ಸೀಳಿ ಏಳುತ್ತದೆ. ಒರಗು ಹದವಾಗಿದ್ದರೆ ಸಿಪ್ಪೆಯು ಸುರುಳಿ ಸುರುಳಿಯಾಗಿ ಬಂದು ಮೈ ನುಣುಪಾಗುತ್ತದೆ. ಅಲಗು ನೆಟ್ಟಗೆ ನಿಂತಿದ್ದರೆ ಅಥವಾ ಮೊಂಡಾಗಿದ್ದರೆ ಎಳೆಗಳು ಕಡಿಯಲ್ಪಡದೆ ಜಜ್ಜಿಹೋಗಿ ಮೈ ನಾರುನಾರಾಗುತ್ತದೆ. ನುರಿತ ಬಡಿಗನು ಕೈಯ ಸ್ಪರ್ಶದಿಂದ ಅರಿಯುವ ಸಂಗತಿಯೇ ಇದು. ಹತ್ತರಿ ಹಾಕುವಾಗ ಮರವು ಕಿತ್ತುಬಂದರೆ ಅವನು ತುಂಡನ್ನು ತಿರುಗಿಸಿಡುತ್ತಾನೆ. ಎಳೆಯು ಅಲಗಿನ ಎದುರಾಗಿ ಒಳಕ್ಕೆ ಇಳಿದಿದೆಯೆಂದು ಆ ಕಿತ್ತುಬಂದ ಮೈಯೇ ಅವನಿಗೆ ಹೇಳಿರುತ್ತದೆ.

ಅಡ್ಡ ಕೊಯ್ತದ ಹಲ್ಲು, ಉದ್ದ ಕೊಯ್ತದ ಹಲ್ಲು

ಗರಗಸವು ಒಂದರ ಹಿಂದೆ ಒಂದಾಗಿ ನಿಲ್ಲಿಸಿದ ಚಿಕ್ಕ ಚಿಕ್ಕ ಆಯುಧಗಳ ಸಾಲು. ಆ ಆಯುಧವು ಉಳಿಯೋ ಚೂರಿಯೋ ಎಂಬುದರ ಮೇಲೆ ಅದರ ಉಪಯೋಗವು ನಿಂತಿದೆ.

ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ಮಾಡುವ ಗರಗಸದ ಹಲ್ಲುಗಳು ಉಳಿಯಂತೆ ಇರತಕ್ಕದ್ದು. ಹಲ್ಲಿನ ತುದಿಯು ಚಪ್ಪಟೆಯಾಗಿ, ಅದರ ಮುಂದಣ ಮುಖವು ಹೆಚ್ಚುಕಡಮೆ ನೆಟ್ಟಗೆ ನಿಂತಿರುತ್ತದೆ. ಪ್ರತಿಯೊಂದು ಹಲ್ಲೂ ಎಳೆಯ ತುದಿಯನ್ನು ಕಡಿದು ಒಂದು ಸಣ್ಣ ಸಿಪ್ಪೆಯನ್ನು ಹೊರಕ್ಕೆ ತರುತ್ತದೆ. ಕೈಗರಗಸವಾದರೆ ಅಂಗುಲಕ್ಕೆ ೪ ರಿಂದ ೬ ಹಲ್ಲುಗಳು ಸಾಕು.

ಅಡ್ಡಲಾಗಿ ತುಂಡರಿಸುವ ಗರಗಸದ ಹಲ್ಲುಗಳು ಚೂರಿಯಂತೆ ಇರತಕ್ಕದ್ದು. ಹಲ್ಲಿನ ಅಂಚನ್ನು ಓರೆಯಾಗಿ ಉಜ್ಜಿ, ಒಂದು ಹಲ್ಲಿನ ಮೊನೆಯು ಬಲಮಗ್ಗುಲಿಗೂ ಮುಂದಿನದು ಎಡಮಗ್ಗುಲಿಗೂ ಬರುವಂತೆ ಮಾಡಿರುತ್ತಾರೆ. ಎರಡು ಮೊನೆಗಳು ಎರಡು ಗೆರೆಗಳನ್ನು ಗೀರಿ ಎಳೆಯನ್ನು ಇಬ್ಬದಿಯಲ್ಲಿ ಕತ್ತರಿಸುತ್ತವೆ. ನಡುವಿನ ಮರವು ಪುಡಿಯಾಗಿ ಉದುರುತ್ತದೆ. ಇದರಲ್ಲಿ ಹಲ್ಲುಗಳು ಸಣ್ಣವು, ಅಂಗುಲಕ್ಕೆ ೮ ರಿಂದ ೧೨ ಇರಬಹುದು.

ಉದ್ದ ಕೊಯ್ತದ ಹಲ್ಲನ್ನು ಅಡ್ಡ ಕೊಯ್ತಕ್ಕೆ ಹಚ್ಚಿದರೆ ಅದು ಎಳೆಗಳನ್ನು ಕತ್ತರಿಸದೆ ಕೀಳುತ್ತದೆ. ಕೊಯ್ದ ಮುಖವು ಹರಕಾಗಿ ಅಂಚು ಸಿಬಿರೇಳುತ್ತದೆ. ಅಡ್ಡ ಕೊಯ್ತದ ಹಲ್ಲನ್ನು ಉದ್ದ ಕೊಯ್ತಕ್ಕೆ ಹಚ್ಚಿದರೆ ಅದು ಗೀರುತ್ತದೆಯೇ ಹೊರತು ಸಿಪ್ಪೆಯನ್ನು ಎಬ್ಬಿಸಲಾರದು; ಕೆಲಸ ಸಾಗುವುದಿಲ್ಲ.

ದೊಡ್ಡ ದಿಮ್ಮಿಗಳನ್ನು ತುಂಡರಿಸಲು ಇಬ್ಬರು ಎಳೆಯುವ ಉದ್ದ ಗರಗಸದಲ್ಲಿ ಇನ್ನೊಂದು ಉಪಾಯವುಂಟು. ಎರಡು ಅಥವಾ ನಾಲ್ಕು ಕತ್ತರಿಸುವ ಹಲ್ಲುಗಳಾದ ಮೇಲೆ ಒಂದು ಗೋರುವ ಹಲ್ಲು ಇರುತ್ತದೆ. ಇದು ಉಳಿದವುಗಳಿಗಿಂತ ಕೂದಲೆಳೆಯಷ್ಟು ಗಿಡ್ಡ. ಮುಂದಿನ ಹಲ್ಲುಗಳು ಕತ್ತರಿಸಿದುದನ್ನು ಇದು ಎತ್ತುತ್ತದೆ. ಹಲ್ಲುಗಳ ನಡುವಣ ಆಳವಾದ ಸಂದಿಯು ಆ ಹೊಟ್ಟನ್ನು ಹೊತ್ತು ದಿಮ್ಮಿಯಿಂದ ಹೊರಗೆ ಚೆಲ್ಲುತ್ತದೆ. ಗರಗಸವು ಹರಿತವಾಗಿದೆಯೋ ಇಲ್ಲವೋ ಎಂಬುದನ್ನು ಹೊಟ್ಟೇ ಹೇಳುತ್ತದೆ: ಉದ್ದುದ್ದವಾದ ಎಳೆಗಳಾಗಿ ಬಂದರೆ ಹಲ್ಲು ಸರಿಯಾಗಿದೆ, ಹಿಟ್ಟಿನಂತೆ ಬಂದರೆ ಮೊಂಡಾಗಿದೆ.

ಕೊಯ್ತದ ಸಂದು

ಗರಗಸದ ಅಲಗು ಎಷ್ಟು ದಪ್ಪವೋ ಅಷ್ಟೇ ಅಗಲದ ಸಂದನ್ನು ಕೊಯ್ದರೆ ಅಲಗಿನ ಇಕ್ಕೆಲಗಳೂ ಮರಕ್ಕೆ ಉಜ್ಜಿ ಸಿಕ್ಕಿಕೊಳ್ಳುತ್ತವೆ. ಇದನ್ನು ತಪ್ಪಿಸಲು ಹಲ್ಲುಗಳನ್ನು ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ ಸ್ವಲ್ಪ ಬಾಗಿಸುವ ಪದ್ಧತಿಯಿದೆ. ಹಸಿಮರಕ್ಕೆ ಬಾಗು ಹೆಚ್ಚು ಬೇಕು, ಏಕೆಂದರೆ ಅದರ ಎಳೆಗಳು ಸ್ಥಿತಿಸ್ಥಾಪಕವಾಗಿದ್ದು ಸಂದಿನೊಳಕ್ಕೆ ಮರಳಿ ಒತ್ತುತ್ತವೆ, ಹೊಟ್ಟೂ ಅಂಟಿಕೊಳ್ಳುತ್ತದೆ. ಒಣಮರಕ್ಕೆ ಕಡಮೆ ಬಾಗು ಸಾಕು. ಸಾಮಾನ್ಯವಾಗಿ ಸಂದಿನ ಅಗಲವು ಅಲಗಿನ ದಪ್ಪದ ಒಂದೂವರೆ ಪಟ್ಟನ್ನು ಮೀರದಿರುವುದು ಒಳ್ಳೆಯದು. ಎಡಬಲಗಳ ಬಾಗು ಸಮನಾಗಿರದಿದ್ದರೆ ಗರಗಸವು ಹೆಚ್ಚು ಬಾಗಿದ ಕಡೆಗೆ ತಿರುಗುತ್ತ ಹೋಗುತ್ತದೆ. ಗೆರೆ ತಪ್ಪಿತೆಂದು ಕೈಯನ್ನು ದೂಷಿಸುವುದಕ್ಕೆ ಮೊದಲು ಹಲ್ಲನ್ನು ಪರೀಕ್ಷಿಸತಕ್ಕದ್ದು.

ಸಂದು ಅಗಲವಾದಷ್ಟೂ ಮರವು ಹೊಟ್ಟಾಗಿ ಹೋಗುತ್ತದೆ. ೧೨ ಅಂಗುಲ ಚೌಕದ ಒಂದು ತೊಲೆಯಿಂದ ಒಂದೊಂದು ಅಂಗುಲ ದಪ್ಪದ ಹಲಗೆಗಳನ್ನು ಕೊಯ್ಯಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಸಂದು ಅರೆಪಾವು ಅಂಗುಲವಾದರೆ, ಎಂದರೆ ಅಂಗುಲದ ಎಂಟನೆಯ ಒಂದು ಪಾಲಾದರೆ, ಹತ್ತು ಹಲಗೆಗಳೂ ಅವುಗಳ ನಡುವಣ ಒಂಬತ್ತು ಸಂದುಗಳೂ ಸೇರಿ ೧೧ ಅಂಗುಲಕ್ಕೆ ಸ್ವಲ್ಪ ಮೇಲಾಗುತ್ತದೆ. ಹತ್ತು ಹಲಗೆ ಧಾರಾಳವಾಗಿ ದೊರೆಯುತ್ತವೆ. ಸಂದು ಕಾಲು ಅಂಗುಲವಾದರೆ ಅದೇ ಲೆಕ್ಕವು ಹನ್ನೆರಡೂ ಕಾಲು ಅಂಗುಲಕ್ಕೆ ಬರುತ್ತದೆ. ಹತ್ತನೆಯ ಹಲಗೆಯು ಕಾಲು ಅಂಗುಲ ಕಡಮೆ ಬೀಳುತ್ತದೆ. ಒಂದು ಹಲಗೆಯ ಬೆಲೆ ಹೊಟ್ಟಿನ ರಾಶಿಗೆ ಹೋಯಿತು.

ತೆಳು ಅಲಗಿಗೆ ಒಂದು ತೊಡಕಿದೆ. ತೆಳುವಾದ ತಗಡನ್ನು ತಳ್ಳಿದರೆ ಬಾಗುತ್ತದೆ; ಎಳೆದರೆ ನೆಟ್ಟಗಾಗುತ್ತದೆ. ಜಪಾನಿನ ಗರಗಸಗಳ ಹಲ್ಲು ಹಿಡಿಯ ಕಡೆಗೆ ಒರಗಿದ್ದು, ಎಳೆಯುವಾಗ ಕೊಯ್ಯುವುದರಿಂದ ಅವುಗಳ ಅಲಗನ್ನು ಬಹು ತೆಳ್ಳಗೆ ಮಾಡಲು ಸಾಧ್ಯವಾಗಿದೆ. ಚೌಕಟ್ಟಿನಲ್ಲಿ ಬಿಗಿದ ಗರಗಸಕ್ಕೂ ಇದೇ ನ್ಯಾಯ: ಚೌಕಟ್ಟು ಅಲಗನ್ನು ಸದಾ ಜಗ್ಗಿ ಹಿಡಿದಿರುತ್ತದೆ. ತಳ್ಳಿ ಕೊಯ್ಯುವ ಗರಗಸದ ಅಲಗು ದಪ್ಪವಾಗಿಯೇ ಇರಬೇಕು.

ಗರಗಸವನ್ನು ಕೊಳ್ಳುವಾಗ

ಕಮಲಾಪುರದ ಕಡೆಯಿಂದ ಕಲಬುರಗಿಯ ಸೂಪರ್ ಮಾರ್ಕೆಟ್ಟಿಗೆ ಸಾಮಾನು ಕೊಳ್ಳಲು ಬರುವ ರೈತನು ಗರಗಸವನ್ನೂ ಕೊಳ್ಳುವುದಾದರೆ, ಬೆಲೆಯನ್ನು ಕೇಳುವ ಮೊದಲು ಮೂರು ಸಂಗತಿಗಳನ್ನು ನೋಡತಕ್ಕದ್ದು. ಒಂದು, ಅಂಗುಲಕ್ಕೆ ಎಷ್ಟು ಹಲ್ಲು, ಮತ್ತು ಅವು ಉಳಿಯಂತಿವೆಯೋ ಚೂರಿಯಂತಿವೆಯೋ ಎಂಬುದು. ತನಗೆ ಬೇಕಾದುದು ಅಡ್ಡ ಕೊಯ್ತವೋ ಉದ್ದ ಕೊಯ್ತವೋ ಎಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಬರಬೇಕು. ಎರಡು, ಅಲಗನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಿದರೆ ಹಲ್ಲುಗಳು ಎರಡು ಸಮನಾದ ಸಾಲುಗಳಾಗಿ ಕಾಣಬೇಕು. ಮೂರು, ಅಲಗನ್ನು ಸ್ವಲ್ಪ ಬಾಗಿಸಿ ಬಿಟ್ಟರೆ ಅದು ಮತ್ತೆ ನೆಟ್ಟಗಾಗಬೇಕು.

ಇವುಗಳೊಡನೆ ಒಂದು ಮುಕ್ಕೋಣದ ಅರವನ್ನೂ ಕೊಳ್ಳುವುದು ಲೇಸು. ಅರವಿಲ್ಲದ ಗರಗಸವು ಸಾಣೆಯಿಲ್ಲದ ಕುಡುಗೋಲಿನಂತೆ. ಹರಿತ ಮಾಡುವಾಗ ಮೊದಲು ಚಪ್ಪಟೆ ಅರದಿಂದ ಹಲ್ಲುಗಳ ತುದಿಗಳನ್ನೆಲ್ಲ ಒಂದೇ ಮಟ್ಟಕ್ಕೆ ತರಬೇಕು. ಎತ್ತರವಾದ ಹಲ್ಲೊಂದೇ ಕೆಲಸ ಮಾಡಿ ಉಳಿದವು ಸುಮ್ಮನಿರುವುದು ಇದರಿಂದ ತಪ್ಪುತ್ತದೆ. ಆಮೇಲೆ ಹಲ್ಲನ್ನು ಬಾಗಿಸಬೇಕು. ಹಲ್ಲಿನ ಮೇಲರ್ಧವನ್ನು ಮಾತ್ರ ಬಾಗಿಸತಕ್ಕದ್ದು. ಬುಡದಿಂದ ಬಾಗಿಸಿದರೆ ಹಲ್ಲು ಮುರಿಯುತ್ತದೆ. ಕೊನೆಗೆ ಮುಕ್ಕೋಣದ ಅರದಿಂದ ಅಂಚನ್ನು ಉಜ್ಜಬೇಕು. ಉದ್ದ ಕೊಯ್ತದ ಗರಗಸಕ್ಕೆ ಅರವನ್ನು ಅಲಗಿಗೆ ನೇರ ಅಡ್ಡಲಾಗಿಯೂ, ಅಡ್ಡ ಕೊಯ್ತದ ಗರಗಸಕ್ಕೆ ಓರೆಯಾಗಿಯೂ ಹಿಡಿಯತಕ್ಕದ್ದು.

ದಿಮ್ಮಿಯ ಬಿಗಿತ

ಹರಿತವಾದ ಗರಗಸವೂ ಕೆಲವು ವೇಳೆ ದಿಮ್ಮಿಯಲ್ಲಿ ಕಚ್ಚಿಕೊಂಡು ಅಲುಗದಂತಾಗುತ್ತದೆ. ಇದಕ್ಕೆ ಕಾರಣ ದಿಮ್ಮಿಯ ಭಾರ. ಎರಡು ತುದಿಗಳೂ ಆಸರೆಯ ಮೇಲಿದ್ದು ನಡುವೆ ಪೊಳ್ಳಿದ್ದರೆ, ದಿಮ್ಮಿಯ ಮೇಲುಭಾಗವು ಒತ್ತಿಕೊಂಡೂ ಕೆಳಭಾಗವು ಜಗ್ಗಿಕೊಂಡೂ ಇರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ಯತೊಡಗಿದರೆ ಸಂದು ಮುಚ್ಚಿಕೊಂಡು ಗರಗಸವನ್ನು ಹಿಡಿಯುತ್ತದೆ. ಇಂತಹ ದಿಮ್ಮಿಯನ್ನು ಮೇಲಿನಿಂದ ಮೂರನೆಯ ಒಂದು ಪಾಲು ಕೊಯ್ದು, ಉಳಿದುದನ್ನು ಕೆಳಗಿನಿಂದ ಮುಗಿಸಬೇಕು. ಒಂದೇ ತುದಿಗೆ ಆಸರೆಯಿದ್ದು ಮತ್ತೊಂದು ತೂಗುತ್ತಿದ್ದರೆ ಕ್ರಮವು ಇದಕ್ಕೆ ವಿರುದ್ಧ: ಮೊದಲು ಕೆಳಗಿನಿಂದ ಮೂರನೆಯ ಒಂದು ಪಾಲು, ಆಮೇಲೆ ಮೇಲಿನಿಂದ. ಮೇಲಿನಿಂದಲೇ ಕೊಯ್ದರೆ ತೂಗುವ ತುಂಡು ಅರ್ಧಕ್ಕೇ ಸೀಳಿ ಬೀಳುತ್ತದೆ. ಒತ್ತಿಕೊಂಡಿರುವ ಭಾಗವನ್ನು ಮೊದಲು, ಜಗ್ಗಿಕೊಂಡಿರುವ ಭಾಗವನ್ನು ಕೊನೆಗೆ, ಎಂಬ ಒಂದೇ ನಿಯಮವು ಎರಡಕ್ಕೂ ಸಲ್ಲುತ್ತದೆ.

ಮರವನ್ನು ಕೆಡಹುವಾಗಲೂ ಇದೇ ತತ್ತ್ವವಿದೆ. ಬೀಳಬೇಕಾದ ದಿಕ್ಕಿಗೆ ಮೊದಲು ಬುಡದ ಅಡ್ಡಳತೆಯ ಐದನೆಯ ಅಥವಾ ನಾಲ್ಕನೆಯ ಒಂದು ಪಾಲಿನಷ್ಟು ಆಳದ ಕಚ್ಚನ್ನು ಮಾಡತಕ್ಕದ್ದು. ಬಳಿಕ ಹಿಂದಿನಿಂದ, ಕಚ್ಚಿನ ತಳಕ್ಕಿಂತ ಸ್ವಲ್ಪ ಮೇಲೆ, ಗರಗಸವನ್ನು ಹಚ್ಚಬೇಕು. ಎರಡು ಕೊಯ್ತಗಳೂ ಕೂಡುವಂತೆ ಕೊಯ್ಯಲಾಗದು; ನಡುವೆ ಅಡ್ಡಳತೆಯ ಹತ್ತನೆಯ ಒಂದು ಪಾಲಿನಷ್ಟು ಮರವನ್ನು ಬಿಡಬೇಕು. ಈ ಪಟ್ಟಿಯು ಬಾಗಿಲಿನ ತಿರುಗಣಿಯಂತೆ ಮರವನ್ನು ಹಿಡಿದು ನಿಧಾನವಾಗಿ ಬೀಳಿಸುತ್ತದೆ. ಅದನ್ನು ಕತ್ತರಿಸಿಬಿಟ್ಟರೆ ಮರವು ತನ್ನಿಚ್ಛೆ ಬಂದ ಕಡೆಗೆ ಬೀಳುತ್ತದೆ. ಮುಂದೆ ಕಚ್ಚೇ ಮಾಡದೆ ಹಿಂದಿನಿಂದ ಕೊಯ್ದರೆ ಕಾಂಡವು ಉದ್ದಕ್ಕೆ ಸೀಳಿ ಕೊಯ್ಯುವವನ ಎದೆಗೆ ಒದೆಯುವ ಸಂಭವವುಂಟು. ಕೆಲಸಕ್ಕೆ ತೊಡಗುವ ಮೊದಲೇ ಒಣಕೊಂಬೆಗಳನ್ನು ನೋಡಿಕೊಂಡು, ಬೀಳುವ ದಿಕ್ಕಿಗೆ ಹಿಂದಕ್ಕೆ ಓರೆಯಾಗಿ ಸರಿದುಹೋಗಲು ದಾರಿಯನ್ನು ಮುಳ್ಳುಕಂಟಿಯಿಲ್ಲದಂತೆ ಸವರಿಟ್ಟುಕೊಳ್ಳತಕ್ಕದ್ದು.

ಯಂತ್ರದ ಗರಗಸಗಳು

ಈಗ ಹಳ್ಳಿಗಳಲ್ಲಿಯೂ ಸರಪಳಿ ಗರಗಸವು ಬಳಕೆಗೆ ಬಂದಿದೆ. ಅಮೆರಿಕದ ಜೋಸೆಫ್ ಕಾಕ್ಸ್ ಎಂಬುವರು ೧೯೪೬ರಲ್ಲಿ, ಮರ ಕೊರೆಯುವ ದುಂಬಿಯ ಮರಿಹುಳುವು ಎಳೆಯ ಅಡ್ಡಕ್ಕೂ ಉದ್ದಕ್ಕೂ ಒಂದೇ ಸಮನೆ ಕೊರೆಯುತ್ತ ಹೋಗುವುದನ್ನು ಕಂಡು, ಅದರ ದವಡೆಯ ಮಾದರಿಯಲ್ಲಿ ಸರಪಳಿಯ ಹಲ್ಲನ್ನು ರೂಪಿಸಿದರು. ಮಗ್ಗುಲಿನ ಅಂಚು ಎಳೆಯನ್ನು ಕತ್ತರಿಸುತ್ತದೆ, ಮೇಲಿನ ಅಂಚು ಸಿಪ್ಪೆಯನ್ನು ಎಬ್ಬಿಸುತ್ತದೆ. ಚೂರಿಯೂ ಉಳಿಯೂ ಒಂದೇ ಹಲ್ಲಿನಲ್ಲಿ ಕೂಡಿವೆ. ಈ ಸರಪಳಿಯು ಸೆಕೆಂಡಿಗೆ ಸುಮಾರು ೨೦ ಮೀಟರ್ ವೇಗದಿಂದ ಓಡುತ್ತದೆ. ಪಟ್ಟಿಯ ಮೂತಿಯ ಮೇಲರ್ಧವು ಮರಕ್ಕೆ ತಗುಲಿದರೆ ಗರಗಸವು ಕ್ಷಣಮಾತ್ರದಲ್ಲಿ ಮೇಲೆದ್ದು ಹಿಡಿದವನ ಕಡೆಗೆ ಹಾರುತ್ತದೆ. ಆದ್ದರಿಂದ ಮೂತಿಯಿಂದ ಕೊಯ್ಯಲಾಗದು. ಹೆಗಲಿಗಿಂತ ಎತ್ತರಕ್ಕೆ ಎತ್ತಲಾಗದು. ಎರಡು ಕೈಗಳಿಂದಲೂ ಹಿಡಿಯದೆ ನಡೆಸಲಾಗದು.

ಮಿಲ್ಲಿನ ಚಕ್ರಗರಗಸದಲ್ಲಿ ಕೊಯ್ದ ಸಂದು ಹಿಂದುಗಡೆ ಮುಚ್ಚಿಕೊಂಡರೆ ಹಲ್ಲುಗಳು ಹಲಗೆಯನ್ನು ಎತ್ತಿ ಆಳಿನ ಮೇಲೆ ಎಸೆಯುತ್ತವೆ. ಇದನ್ನು ತಡೆಯಲು ಚಕ್ರದ ಹಿಂದೆ ಬೆಣೆಯಂತಹ ಒಂದು ತಗಡನ್ನು ನಿಲ್ಲಿಸಿರುತ್ತಾರೆ. ತೊಡಕೆಂದು ಅದನ್ನು ಕಿತ್ತಿಡುವುದು ಅವಿವೇಕ. ಪಟ್ಟಿಗರಗಸದ ಅಲಗು ತೆಳುವಾದುದರಿಂದ ಅದರಲ್ಲಿ ಕೊಯ್ಸಿದರೆ ಹೊಟ್ಟು ಕಡಮೆ, ಹಲಗೆ ಹೆಚ್ಚು. ಮರದ ಹೊಟ್ಟು ಉಸಿರಿನೊಡನೆ ಒಳಹೋಗುವುದು ಕ್ಯಾನ್ಸರಿಗೆ ಕಾರಣವಾಗುವುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೯೫ರಲ್ಲಿ ಪ್ರಕಟಿಸಿತು. ದಿನವಹಿ ಈ ಕೆಲಸ ಮಾಡುವವರು ಮೂಗುಬಾಯಿಗಳನ್ನು ಮುಚ್ಚಿಕೊಳ್ಳದೆ ಇರಬಾರದು.

ಉಪಕರಣಕ್ಕೆ ತಕ್ಕ ತುಂಡು

ಕೊಡಲಿ ಎಳೆಯನ್ನು ಅನುಸರಿಸುತ್ತದೆ. ಗರಗಸವು ಎಳೆದ ಗೆರೆಯನ್ನು ಅನುಸರಿಸುತ್ತದೆ. ಇದರಲ್ಲಿ ಒಂದು ಅಪಾಯವಡಗಿದೆ. ಗೆರೆಯು ಎಳೆಗೆ ಓರೆಯಾಗಿದ್ದರೆ, ನೋಡಲು ನೆಟ್ಟಗಿರುವ ತುಂಡಿನಲ್ಲಿ ಎಳೆಗಳು ಅರ್ಧಕ್ಕೇ ತುಂಡಾಗಿ ಹೊರಬಂದಿರುತ್ತವೆ. ಹತ್ತು ಅಂಗುಲ ಉದ್ದಕ್ಕೆ ಎಳೆಯು ಒಂದು ಅಂಗುಲ ಓರೆಯಾದರೆ ಬಾಗುವಿಕೆಯನ್ನು ತಡೆಯುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ನಷ್ಟವಾಗುತ್ತದೆ. ಐದು ಅಂಗುಲಕ್ಕೆ ಒಂದು ಅಂಗುಲ ಓರೆಯಾದರೆ ಅರ್ಧಕ್ಕೆ ಸಮೀಪವಾದ ನಷ್ಟ. ನೇಗಿಲಿನ ಈಸು, ನೊಗ, ಕುಂಟೆಯ ದಿಂಡು, ಗುದ್ದಲಿಯ ಕಾವು ಇವು ಬಿತ್ತನೆಯ ಭರದಲ್ಲಿ ಮುರಿಯುವುದು ಹೆಚ್ಚಾಗಿ ಇಂತಹ ಕಡೆಯಲ್ಲಿಯೇ. ಆದಕಾರಣ ಕಾವಿನಂತಹ ತುಂಡುಗಳನ್ನು ಮೊದಲು ಬೆಣೆಯಿಂದ ಸೀಳಿಕೊಂಡು ಆಮೇಲೆ ಕೆತ್ತುವುದು ಉತ್ತಮ. ಗರಗಸದಿಂದಲೇ ಕೊಯ್ಯುವುದಾದರೆ ದಿಮ್ಮಿಯ ಮೇಲಿನ ಬಿರುಕುಗಳ ದಿಕ್ಕನ್ನು ನೋಡಿ ಅದಕ್ಕೆ ಸಮನಾಗಿ ಗೆರೆ ಹಾಕಬೇಕು.

ಒಣಗುವಾಗ ಮರವು ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಅದಕ್ಕಿಂತ ಬಹಳ ಹೆಚ್ಚು. ಸುತ್ತಳತೆಯ ದಿಕ್ಕಿಗೆ ಕುಗ್ಗುವುದು ಇದರ ಸುಮಾರು ಎರಡರಷ್ಟು. ತಿರುಳಿನಿಂದ ದೂರವಾಗಿ ಕೊಯ್ದ ಅಗಲವಾದ ಹಲಗೆಯು ದೋಣಿಯಂತೆ ಬಾಗುವುದೂ, ತಿರುಳನ್ನು ಒಳಗಿಟ್ಟುಕೊಂಡ ತೊಲೆಯು ಬಿರಿಯುವುದೂ ಇದರಿಂದಲೇ. ಕದಕ್ಕೂ ಪೆಟ್ಟಿಗೆಗೂ ಬೇಕಾದ ಹಲಗೆಗಳನ್ನು ತಿರುಳಿನಿಂದ ತೊಗಟೆಯ ಕಡೆಗೆ ಮುಖವಾಗುವಂತೆ ಕೊಯ್ಸುವುದು ಲೇಸು.

ಕಲಬುರಗಿಯ ಬೇಸಗೆಯಲ್ಲಿ ಉಷ್ಣತೆಯು ೪೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ತೇವವು ಮಗ್ಗುಲಿಗಿಂತ ತುದಿಯಿಂದ ಹಲವು ಪಟ್ಟು ವೇಗವಾಗಿ ಆರುವುದರಿಂದ, ಬಿಸಿಲಿಗೆ ಬಿಟ್ಟ ದಿಮ್ಮಿಯು ತುದಿಯಿಂದ ಬಿರಿಯುತ್ತ ಒಳಕ್ಕೆ ಹೋಗುತ್ತದೆ. ಸಾಧ್ಯವಾದಷ್ಟೂ ಮಳೆಗಾಲ ಕಳೆದ ತಂಪಿನ ದಿನಗಳಲ್ಲಿ ಕೊಯ್ದು, ತುದಿಗಳಿಗೆ ಬಣ್ಣವನ್ನೋ ಡಾಂಬರನ್ನೋ ಬಳಿದು, ಹಲಗೆಗಳ ನಡುವೆ ಸಮನಾದ ಕಡ್ಡಿಗಳನ್ನಿಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಒಟ್ಟತಕ್ಕದ್ದು.

ಮರಕ್ಕೆ ಕೈಹಚ್ಚುವ ಮೊದಲು ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವನ್ನೂ ನೆನೆಯಬೇಕು. ಸ್ವಂತ ಹೊಲದ ಮರವಾದರೂ ವಿನಾಯಿತಿ ಪಡೆದ ಜಾತಿಗಳ ಹೊರತು ಉಳಿದವನ್ನು ಕಡಿಯಲು ವೃಕ್ಷಾಧಿಕಾರಿಗಳ ಅನುಮತಿ ಅಗತ್ಯ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡರೆ ಮುಂದೆ ತೊಂದರೆಯಿರುವುದಿಲ್ಲ. ಮರದ ಗುಣಗಳ ಶಾಸ್ತ್ರೀಯ ಪರೀಕ್ಷೆಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ೧೯೩೮ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಇದೆ.

ಅನುಮತಿ ದೊರೆತು, ಗರಗಸವು ಹರಿತವಾಗಿ, ಜೊತೆಗಾರನು ಸಿದ್ಧನಾಗಿರುವಾಗಲೂ ಒಂದು ಗಳಿಗೆ ಮರದ ಸುತ್ತ ನಡೆದು ನೋಡತಕ್ಕದ್ದು: ಅದು ಯಾವ ಕಡೆಗೆ ವಾಲಿದೆ, ಎಳೆಯು ನೆಟ್ಟಗಿದೆಯೋ ಸುತ್ತಿಕೊಂಡಿದೆಯೋ, ಗಂಟುಗಳು ಎಲ್ಲಿವೆ, ಈ ಕಾಂಡದಲ್ಲಿ ನೊಗ ಎಷ್ಟು, ಹಲಗೆ ಎಷ್ಟು, ಸೌದೆ ಎಷ್ಟು. ಹೀಗೆ ನೋಡಲು ತಗಲುವ ಹೊತ್ತು ಅತ್ಯಲ್ಪ. ಅಜ್ಜನು ನೆಟ್ಟು ತಂದೆಯು ಕಾಯ್ದ ಮರವು ಮಗನ ಕೈಯಲ್ಲಿ ಪೂರ್ಣವಾಗಿ ಉಪಯೋಗಕ್ಕೆ ಬರುವುದು ಆ ಹೊತ್ತಿನಿಂದಲೇ. ಕಡಿದ ಒಂದು ಮರದ ಸ್ಥಳದಲ್ಲಿ ಎರಡು ಸಸಿಗಳನ್ನು ನೆಟ್ಟು ಕಾಯುವುದರೊಡನೆ ಈ ಕೆಲಸವು ಮುಗಿಯಿತೆಂದು ತಿಳಿಯತಕ್ಕದ್ದು.